ಬದಲಿ ಸಕ್ಕರೆ, ಏಳನೇ ಬಾಗಿಲು

ನಮ್ಮೂರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ಅದು ಮೊದಲು ತಿಳಿಯುವುದು ಇರುವೆಗಳಿಗೆ, ಆಮೇಲೆ ಬೀದಿಯವರಿಗೆ, ಕಟ್ಟಕಡೆಗೆ ಕಾಯಿಲೆಯವರಿಗೆ. ಬೆಳಿಗ್ಗೆ ಹಾಲು ತರಲು ಹೊರಟವರ ಹಿಂದೆ ಸಣ್ಣ ಕಪ್ಪಿರುವೆಗಳ ಸಾಲೊಂದು ನಡೆದು ಬರುತ್ತದೆ. ತಿರುಗಿ ನೋಡಿದರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಕಚ್ಚುವುದಿಲ್ಲ, ತೊಂದರೆ ಕೊಡುವುದಿಲ್ಲ. “ಅವರಿಗೆ ಸಾಲು ಬಂತಂತೆ” ಎಂದು ಹಾಲಿನಂಗಡಿಯಲ್ಲಿ ಒಂದು ಮಾತು ಬಿದ್ದರೆ ಮುಗಿಯಿತು, ಸಂಜೆಯೊಳಗೆ ಅವರ ಮನೆಗೆ ನಾಲ್ಕು ದಿಕ್ಕಿನಿಂದ ಹಾಗಲಕಾಯಿ ಬಂದು ಬೀಳುತ್ತದೆ. ಸಾಲಿರುವ ಮನೆಯವರು ರಂಗೋಲಿ ಹಾಕುವಾಗ ನಡುವೆ ಬೆರಳಗಲ ದಾರಿ ಬಿಡುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳಪ್ಪನ ಹಿಮ್ಮಡಿ ನೋಡುತ್ತಾರೆ. ಸಾಲಿನವರು ಬೀದಿಯಲ್ಲಿ ನಿಧಾನವಾಗಿ ನಡೆಯಬೇಕು, ಹಿಂದೆ ಬರುವವಕ್ಕೆ ಕಾಲು ಸಣ್ಣವು ಎನ್ನುವುದು ನಮ್ಮಲ್ಲಿ ಮರ್ಯಾದೆ. ಅವರ ಜೊತೆಗಿರುವವರೂ ನಿಧಾನಿಸುತ್ತಾರೆ. ಹೊರಗಿನಿಂದ ಬಂದವರ ಕಣ್ಣಿಗೆ ನಮ್ಮೂರಿನವರೆಲ್ಲ ಏನೋ ದೊಡ್ಡ ಯೋಚನೆಯಲ್ಲಿ ಮುಳುಗಿ ನಡೆಯುವವರ ಹಾಗೆ ಕಾಣುತ್ತಾರಂತೆ.

ನನ್ನ ಹೆಸರು ಚೂಡಮ್ಮ. ಕತೆ ಓದುವ ಮಂಟಪವನ್ನು ಗುಡಿಸಿ ಸಾರಿಸುವುದು ನಮ್ಮ ಮನೆಗೆ ಬಂದ ಸೇವೆ. ಅಪ್ಪನ ತೊಡೆಯ ಮೇಲೆ ನಿದ್ದೆ ಮಾಡುತ್ತಲೇ ಕಿವಿಯಲ್ಲಿ ಪದ್ಯ ತುಂಬಿಸಿಕೊಂಡವಳು ನಾನು. ಮಂಟಪದಲ್ಲಿ ಓದು ನಡೆಯುವಾಗ ಕೇಳುವವರು ಮಾತಾಡಬಾರದು. ಅಲ್ಲಿ ನಾನು ಒಂದು ಮಾತೂ ಆಡಿದವಳಲ್ಲ. ಅದೇ ಅಭ್ಯಾಸವಾಗಿ ಹೊರಗೂ ಕಮ್ಮಿ. ನಮ್ಮೂರ ಕಾವ್ಯ ಸೋಮಕಂಧರ ರಾಜನದು. ಕನಸಿನಲ್ಲಿ ಯಾರೋ ಕರೆದ ದನಿಯನ್ನು ಹುಡುಕಿಕೊಂಡು ಅವನು ಏಳು ಬಾಗಿಲು ದಾಟುತ್ತಾನೆ. ಒಂದೊಂದು ಬಾಗಿಲಿಗೂ ಕಾಡು, ನದಿ, ಯುದ್ಧ, ವಿರಹ ಎಲ್ಲ ಇದೆ. ದಿನಕ್ಕೊಂದು ಸಂಧಿಯಂತೆ, ಮಧ್ಯಾಹ್ನದ ಊಟವಾದ ಮೇಲೆ ಶುರು. ವರ್ಷಗಟ್ಟಲೆ ಹಿಡಿಯುತ್ತದೆ.

ಸಂಧಿ ಮುಗಿದ ಮೇಲೆ ಸರದಿಯ ಮನೆಯವರು ಓದಿದವರಿಗೆ ಒಂದು ಎಲೆ ತುಂಬ ಸಿಹಿ ಕೊಡಬೇಕು. ಅವರು ಅದನ್ನು ಪೂರ್ತಿ ತಿಂದು ಕೊನೆಯ ಚೂರನ್ನು ಎದುರಿಗಿನ ಕಲ್ಲಿನ ಮೇಲೆ ಇಡಬೇಕು. ಇರುವೆ ಬಂದರೆ ಆ ದಿನದ ಕತೆ ಮುಚ್ಚಿತು, ಎಲ್ಲರೂ ಏಳಬಹುದು. ದೀಪ ಹಚ್ಚುವ ಹೊತ್ತಿನೊಳಗೆ ಬಾರದಿದ್ದರೆ ಕತೆ ಒಡೆದ ಹಾಗೆ. ಮತ್ತೆ ಮೊದಲನೇ ಬಾಗಿಲಿನಿಂದ, ಬೇರೆ ಬಾಯಿಯಿಂದ ಶುರುವಾಗಬೇಕು. ಒಂದು ಸಂಧಿಗೆ ಒಂದೇ ಸಿಹಿ, ಎರಡನೆಯದು ಇಲ್ಲ. ಇರುವೆಗಳು ಯಾವತ್ತೂ ತಪ್ಪಿಸಿದ್ದಿಲ್ಲ. ತಪ್ಪಿಸುತ್ತಿದ್ದವರು ಓದುವವರು. ನಾನು ಚಿಕ್ಕವಳಿದ್ದಾಗ ಓದುತ್ತಿದ್ದವರು ನಾಲ್ಕನೇ ಬಾಗಿಲಿಗೆ ಹಾಸಿಗೆ ಹಿಡಿದರು. ಆಮೇಲೆ ಬಂದವರಿಗೆ ಆರನೇ ಬಾಗಿಲಿನಲ್ಲಿ ಕಣ್ಣು ಮಂಜಾಯಿತು. ಅವರಾದ ಮೇಲಿನವರೂ ಆರಕ್ಕೇ ನಿಂತರು. ಎಲ್ಲರ ಹಿಂದೆಯೂ ಸಾಲಿತ್ತು. ದಿನಾ ಎಲೆ ತುಂಬ ಮೈಸೂರುಪಾಕು, ಚಿರೋಟಿ, ಹಯಗ್ರೀವ ತಿನ್ನಿಸಿ, ಪಾಪ, ಅವರಿಗೆ ಯಾಕೆ ಹೀಗಾಯಿತೋ ಎಂದು ನಾವು ಮರುಗುತ್ತಿದ್ದೆವು. ಎರಡನ್ನೂ ಕೂಡಿಸಿ ನೋಡುವುದು ಯಾರಿಗೂ ತೋಚಲಿಲ್ಲ.

ನಮ್ಮ ಯಜಮಾನರಿಗೆ ಈ ಕತೆಯ ಹುಚ್ಚು ನನಗಿಂತ ಹೆಚ್ಚು. ಅವರೂ ಆರನೇ ಬಾಗಿಲಿನವರೆಗೆ ಕೇಳಿ ಹೋದರು. ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡು, “ನೀನು ನಿಧಾನವಾಗಿ ಬಾ ಚೂಡಿ, ಅವಸರ ಏನಿಲ್ಲ. ಆದರೆ ಬರೋವಾಗ ಏಳನೇದು ಕೇಳಿಕೊಂಡು ಬಾ” ಎಂದರು. ಪೇಟೆಗೆ ಹೊರಟ ಹೆಂಡತಿಗೆ ಗಂಡ ಹೇಳುವ ಹಾಗೆ. ಮುಂದಿನ ಹಾಳೆ ತಿರುವಿ ನೋಡುವುದು ನಮ್ಮಲ್ಲಿ ಕದ್ದು ತಿಂದಷ್ಟೇ ತಪ್ಪು. ಕೇಳಿಯೇ ತಿಳಿಯಬೇಕು. ಹಾಗಾಗಿ ಹೊಸ ಗಮಕಿ ಅಳಸಿಂಗಯ್ಯನವರು ಓದುವುದಕ್ಕೆ ಕೂತಾಗ ನಾನು ದೇವರಿಗೆ ಬೇಡಿದ್ದು ಒಂದೇ, ಇವರ ಗಂಟಲಿಗಿಂತ ಮೊದಲು ಇವರ ಮೈ ಗಟ್ಟಿಯಾಗಿರಲಿ ಎಂದು.

ಗಂಟಲೂ ಅಂಥದ್ದೇ. ಅಳಸಿಂಗಯ್ಯನವರು ನಾದನಾಮಕ್ರಿಯೆ ರಾಗ ಎತ್ತಿಕೊಂಡರೆ ಹಸುಗಳು ಮೇವು ಬಿಟ್ಟು ಕತ್ತೆತ್ತುತ್ತಿದ್ದವು. ಆರನೇ ಬಾಗಿಲು ಮುಗಿಯುವ ಹೊತ್ತಿಗೆ ಅವರ ಹಿಂದೆಯೂ ಸಾಲು ಬಂತು. ಎಡಗಾಲಿನ ಕಿರುಬೆರಳಿನ ಕೆಳಗೆ ಒಂದು ಹುಣ್ಣಾಗಿ ಮಾಯಲೇ ಇಲ್ಲ. ಅವರ ಹೆಂಡತಿ ವೇದವಲ್ಲಿ ಅವರನ್ನು ಹೊರಡಿಸಿ, ನನ್ನನ್ನೂ ಜೊತೆಗೆ ಕರೆದುಕೊಂಡು, ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ನಫೀಸಾ ಅವರ ಹತ್ತಿರ ಹೋದಳು. ಡಾಕ್ಟರಮ್ಮ ಬಂದ ಹೊಸದರಲ್ಲಿ ಬೆರಳು ಚುಚ್ಚಿ ರಕ್ತ ನೋಡುವ ಮೆಷಿನ್ ತೆಗೆದರೆ ಜನ ಬೇಜಾರು ಮಾಡಿಕೊಳ್ಳುತ್ತಿದ್ದರು, ಇರುವೆ ಹೇಳಿದ ಮೇಲೂ ನಿಮಗೆ ನಂಬಿಕೆ ಇಲ್ಲವೇ ಎಂದು. ಆಮೇಲೆ ಆಕೆಯೂ ಮೊದಲು ಬಾಗಿಲಾಚೆ ಸಾಲು ಎಷ್ಟು ದಪ್ಪ ಇದೆ ಎಂದು ಬಗ್ಗಿ ನೋಡಿ, ಆಮೇಲೆ ಬೆರಳು ಚುಚ್ಚುವುದನ್ನು ರೂಢಿ ಮಾಡಿಕೊಂಡಿದ್ದರು.

ಹುಣ್ಣು ತೊಳೆದು ಪಟ್ಟಿ ಕಟ್ಟಿ ಹೇಳಿದರು: “ಕಾಲು ಉಳೀಬೇಕು ಅಂದ್ರೆ ಈ ದಿನಾ ತಿನ್ನೋ ಸಿಹಿ ನಿಲ್ಲಬೇಕು.”

“ಸಿಹಿ ನಿಂತರೆ ಕತೆ ನಿಲ್ಲುತ್ತೆ ತಾಯಿ,” ಎಂದರು ಅಳಸಿಂಗಯ್ಯ. “ಕಾಲಿಲ್ಲದೆ ಓದಬಹುದು. ನಾನೇನು ನಿಂತುಕೊಂಡು ಓದ್ತೀನಾ?”

“ಬರೀ ಕಾಲಿಗೆ ನಿಲ್ಲೋ ಕಾಯಿಲೆ ಅಲ್ಲ ಇದು.”

ವೇದವಲ್ಲಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನೂ ಕಣ್ಣೊರೆಸಿಕೊಂಡೆ. ಅದರಲ್ಲಿ ಅವರ ಕಾಲಿನ ಚಿಂತೆ ಎಷ್ಟು, ನಮ್ಮ ಯಜಮಾನರಿಗೆ ಹೋಗಿ ಏನು ಹೇಳಲಿ ಎನ್ನುವ ಚಿಂತೆ ಎಷ್ಟು ಎಂದು ದೇವರೇ ಬಲ್ಲ. ಡಾಕ್ಟರಮ್ಮ ನಮ್ಮಿಬ್ಬರ ಮುಖ ನೋಡಿ, ಒಳಗಿನಿಂದ ಒಂದು ಪುಟ್ಟ ಡಬ್ಬಿ ತಂದರು. ಬಿಳಿ ಪುಡಿ. “ಇದರಲ್ಲಿ ಮಾಡಿ ಕೊಡಿ. ಚಿಟಿಕೆ ಹಾಕಿದ್ರೆ ಚಮಚ ಸಕ್ಕರೆಯಷ್ಟು ಸಿಹಿ. ಒಲೆಯಿಂದ ಇಳಿಸಿದ ಮೇಲೆ ಹಾಕಿ. ಒಂದು ಮಾತು ನೆನಪಿಡಿ, ಇದು ಔಷಧಿ ಅಲ್ಲ. ಸಕ್ಕರೆ ರಜಾ ಹಾಕಿದಾಗ ಅದರ ಕುರ್ಚಿಯಲ್ಲಿ ಕೂರೋ ಬದಲಿ ಅಷ್ಟೆ. ಮಾತ್ರೆ ತಪ್ಪಿಸಬಾರದು, ಅನ್ನ ಅರ್ಧಕ್ಕೆ ಇಳೀಬೇಕು. ಹುಣ್ಣು ಮಾದ ಮೇಲೆ ದಿನಾ ನಡೀಬೇಕು. ಎಲೆ ತುಂಬ ಬೇಡ, ಚಿಕ್ಕ ಎಲೆ ಹುಡುಕಿ.”

ಹೀಗೆ ಅದಕ್ಕೆ ನಮ್ಮೂರಿನಲ್ಲಿ ಬದಲಿ ಸಕ್ಕರೆ ಎಂದು ಹೆಸರಾಯಿತು. ಬದಲಿ ಮೇಷ್ಟ್ರ ಹಾಗೆ ಅದರ ಮೇಲೂ ಯಾರಿಗೂ ಪೂರ್ತಿ ಗೌರವ ಇರಲಿಲ್ಲ. ಮಾರನೆಯ ದಿನ ಸರದಿ ನನ್ನದೇ. ರವೆ ಉಂಡೆ ಮಾಡೋಣವೆಂದು ಆ ಪುಡಿಗೆ ನೀರು ಹಾಕಿ ಪಾಕಕ್ಕಿಟ್ಟೆ. ಎಷ್ಟು ಕುದಿಸಿದರೂ ಎಳೆ ಬರಲಿಲ್ಲ. ನೀರು ನೀರಾಗಿಯೇ ಆವಿಯಾಗಿ ಪಾತ್ರೆ ತಳ ಹತ್ತಿತು. ಒಂದೆಳೆ ಪಾಕವೂ ಬಾರದ ಸಕ್ಕರೆ ಎಂಥ ಸಕ್ಕರೆ ಎಂದು ಬೈದುಕೊಂಡು, ಕಡೆಗೆ ಹೆಸರುಬೇಳೆ ಬೇಯಿಸಿ, ಹಾಲು ಹಾಕಿ, ಏಲಕ್ಕಿ ಕುಟ್ಟಿ, ಇಳಿಸಿದ ಮೇಲೆ ಎರಡು ಚಿಟಿಕೆ ಹಾಕಿದೆ. ರುಚಿ ಪರವಾಗಿಲ್ಲ. ಆದರೆ ಸಿಹಿ ಸ್ವಲ್ಪ ತಡವಾಗಿ ಬಂತು, ಬಂದದ್ದು ಹೊರಡಲೇ ಇಲ್ಲ. ಊಟ ಮುಗಿದರೂ ಹಜಾರದಲ್ಲೇ ಕೂತ ನೆಂಟನ ಹಾಗೆ ನಾಲಿಗೆಯ ಮೇಲೆ ಕೂತಿತ್ತು.

ಮಂಟಪದ ಉಸ್ತುವಾರಿ ಸಂಪಂಗಪ್ಪನವರದು. ಎತ್ತರದ ಆಳು, ಅದಕ್ಕೆ ತಕ್ಕ ಹೊಟ್ಟೆ. ನಿಯಮ ಎಂದರೆ ಅವರಿಗೆ ಪ್ರಾಣ, ಸಿಹಿ ಎಂದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು. ಊರಿಗೆಲ್ಲ ಬಿರುಸಾಗಿ ನಡೆಯುವವರೆಂದರೆ ಅವರೊಬ್ಬರೇ. ಸಾಲಿನವರು ಮಂಟಪದ ಒಳಗೆ ಬರಬಾರದು, ಆಚೆ ಕಟ್ಟೆಯ ಮೇಲೆ ಕೂತು ಕೇಳಬೇಕು ಎನ್ನುವ ನಿಯಮ ತಂದವರೂ ಅವರೇ: “ನೀವೆಲ್ಲ ಒಳಗೆ ಬಂದ್ರೆ ಇರುವೆ ಕತೆಗೆ ಬಂತೋ ನಿಮಗೆ ಬಂತೋ ಅಂತ ಯಾರ್ರೀ ಹೇಳೋದು?” ಓದುವವರಿಗೆ ಮಾತ್ರ ಬೇರೆ ದಾರಿಯಿಲ್ಲದೆ ವಿನಾಯಿತಿ.

ಅಳಸಿಂಗಯ್ಯನವರು ಪಾಯಸ ಕುಡಿದರು. ಕೊನೆಯ ಚಮಚ ಕಲ್ಲಿನ ಮೇಲೆ ಬಿತ್ತು. ಅವರ ಹಿಂದೆಯೇ ಬಂದಿದ್ದ ಸಾಲು ಕಲ್ಲಿನವರೆಗೆ ಹೋಯಿತು. ಮುಂದಿನ ಇರುವೆ ಮೀಸೆ ಆಡಿಸಿ ಮೂಸಿ ನೋಡಿತು, ಹಿಂದಿನದಕ್ಕೆ ಏನೋ ಹೇಳಿತು. ಇಡೀ ಸಾಲು ಪಾಯಸಕ್ಕೆ ಸುತ್ತು ಹಾಕಿಕೊಂಡು ಹೋಗಿ ಅಳಸಿಂಗಯ್ಯನವರ ಪಟ್ಟಿ ಕಟ್ಟಿದ ಕಾಲಿನ ಹತ್ತಿರ ನಿಂತಿತು.

“ಮುಟ್ಟಲಿಲ್ಲ,” ಎಂದರು ಸಂಪಂಗಪ್ಪ. “ಯಾರೂ ಏಳಬೇಡಿ.”

ಹೆಂಗಸರ ನಡುವಿನಿಂದ ವೇದವಲ್ಲಿ ಎದ್ದು ನಿಂತಳು. “ಇರುವೆ ಬರಬೇಕು ಅಂತ ತಾನೇ ನಿಯಮ ಇರೋದು? ಬಂತು. ಏನು ತಿನ್ನಬೇಕು ಅಂತ ಎಲ್ಲಿ ಬರೆದಿದೆ ಸಂಪಂಗಣ್ಣ, ತೋರಿಸಿ. ಅವು ಬಂದಾಗ ಬೇಡ ಅಂತಾವೆ, ನೀವು ಬಂದಾಗ ಬೇಕು ಅಂತೀರಿ. ಅಷ್ಟೇ ವ್ಯತ್ಯಾಸ.”

ನಕ್ಕವರನ್ನೆಲ್ಲ ಸಂಪಂಗಪ್ಪನವರು ದುರುಗುಟ್ಟಿಕೊಂಡು ನೋಡಿದರು. ಆದರೆ ನಿಯಮ ಹಾಗೇ ಇತ್ತು. ಅವರು ನಿಯಮಕ್ಕೆ ಮೋಸ ಮಾಡುವವರಲ್ಲ. “ಆಯ್ತು. ಬಂದದ್ದು ಬಂತು,” ಎಂದು ತಾವೂ ಒಂದು ಲೋಟ ಪಾಯಸ ತರಿಸಿಕೊಂಡು ಕುಡಿದರು. ಅಲ್ಲಿಂದ ಶುರುವಾಯಿತು ನೋಡಿ.

ಇರುವೆಯ ಮಾತನ್ನು ಹುಟ್ಟಿದಾಗಿನಿಂದ ನಂಬಿದ ಜನ ನಾವು. ಇರುವೆ ಬೇಡ ಎಂದದ್ದು ಲೆಕ್ಕಕ್ಕೇ ಇಲ್ಲ ಎಂದು ಇಡೀ ಊರು ತೀರ್ಮಾನ ಮಾಡಿತು. “ಇರುವೆಯೇ ಕ್ಯಾರೆ ಅನ್ನದ್ದು ಮೈಗೆ ಹೇಗ್ರೀ ಹತ್ತುತ್ತೆ?” ಎಂದು ಸಂಪಂಗಪ್ಪನವರು ಮನೆಮನೆಯಲ್ಲೂ ಕೇಳಿದರು. ಯಾರ ಬಾಯಲ್ಲೂ ಉತ್ತರವಿರಲಿಲ್ಲ, ಯಾಕೆಂದರೆ ಎಲ್ಲರ ಬಾಯಲ್ಲೂ ಹೋಳಿಗೆ ಇತ್ತು. ವರ್ಷಕ್ಕೆರಡು ಸಲ ಹೋಳಿಗೆ ಮಾಡುತ್ತಿದ್ದ ಮನೆಗಳಲ್ಲಿ ವಾರಕ್ಕೆರಡು ಸಲ ಬದಲಿ ಹೋಳಿಗೆ. ಕಾಫಿಗೆ ಬದಲಿ ಹಾಕಿಕೊಂಡು, ಅದರಲ್ಲಿ ಉಳಿತಾಯವಾಯಿತಲ್ಲ ಎಂದು ಪಕ್ಕದಲ್ಲಿ ಎರಡು ಜಿಲೇಬಿ. ಸಾಲಿನವರ ಮನೆಯ ರಂಗೋಲಿಯಲ್ಲಿ ದಾರಿ ಬೆರಳಗಲದಿಂದ ಎರಡು ಬೆರಳಿಗೆ ಏರಿತು. ದರ್ಜಿಯವನು ಹೊಸ ಬಟ್ಟೆಯೇ ಹೊಲಿಯುತ್ತಿಲ್ಲ, ಇದ್ದವನ್ನು ಬಿಚ್ಚಿ ಅಗಲ ಮಾಡುವುದರಲ್ಲೇ ಇದ್ದಾನೆ ಎಂದು ಕೇಳಿ ಡಾಕ್ಟರಮ್ಮ ಒಂದು ದಿನ ಮಂಟಪಕ್ಕೆ ಬಂದರು. ಸಂಪಂಗಪ್ಪನವರ ಕೈಯಲ್ಲಿ ಆಗ ಮಡಿಸಿದ ಹೋಳಿಗೆ, ಅದರ ಮಡಿಕೆಯಲ್ಲಿ ತುಪ್ಪ.

“ಎಷ್ಟನೇದು?”

“ಏಳೋ ಎಂಟೋ. ಎಲ್ಲ ಬದಲಿಯವೇ ಡಾಕ್ಟರಮ್ಮ.”

“ಹೂರಣಕ್ಕೆ ಸಕ್ಕರೆ ಹಾಕ್ಲಿಲ್ಲ, ಒಪ್ಪಿದೆ. ಕಣಕದ ಮೈದಾ? ಬೇಳೆ? ಈ ತುಪ್ಪ?”

ಸಂಪಂಗಪ್ಪನವರು ಹೋಳಿಗೆಯ ಮಡಿಕೆ ಬಿಡಿಸಿ ನೋಡಿದರು. “ಅವಕ್ಕೂ ಬದಲಿ ಇದ್ದರೆ ಕೊಡಿ, ಹಾಕಿಸ್ತೀನಿ.”

“ಹೊಟ್ಟೆಗೇ ಬದಲಿ ಬೇಕಾಗುತ್ತೆ ಹೀಗೆ ತಿಂದ್ರೆ. ಒಂದು ಸಲ ಬಂದು ರಕ್ತ ತೋರಿಸಿ.”

“ನನ್ನ ಹಿಂದೆ ಸಾಲು ಕಂಡಿದ್ದೀರಾ?” ಎಂದು ಅವರು ಎದ್ದು ಬಿರಬಿರನೆ ನಡೆದೇ ಬಿಟ್ಟರು. ನಿಜ, ಯಾರೂ ಕಂಡಿರಲಿಲ್ಲ. ಆದರೆ ಆ ದಿನಗಳಲ್ಲಿ ಅವರು ಮಂಟಪದೊಳಗೆ ಒಂದು ಹಿತ್ತಾಳೆ ಪರಾತದಲ್ಲಿ ಅರಿಸಿನದ ನೀರು ತುಂಬಿಸಿ ಎರಡೂ ಕಾಲು ಅದರೊಳಗೆ ಇಟ್ಟುಕೊಂಡು ಕೂರಲು ಶುರುಮಾಡಿದರು. ಕೇಳಿದವರಿಗೆ ಕಾಲುರಿ ಎನ್ನುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವಳು ನಾನು. ಕತೆ ನಡೆಯುವ ಹೊತ್ತಿನಲ್ಲಿ ಮೆಟ್ಟಿಲ ಕೆಳಗೆ ಬಿಟ್ಟ ಅವರ ಚಪ್ಪಲಿ ಕರ್ರಗಾಗಿರುತ್ತಿತ್ತು, ತುಂಬ ಇರುವೆ, ಅರಿಸಿನಕ್ಕೆ ಹೆದರಿ ಒಳಗೆ ಬಾರದೆ ನಿಂತವು. ಕತೆ ಮುಗಿದ ಕೂಡಲೇ ಅವರು ಚಪ್ಪಲಿ ಕೊಡವಿ, ಸಾಲು ಕಟ್ಟಿಕೊಳ್ಳುವಷ್ಟರಲ್ಲಿ ಬೀದಿಯ ತಿರುವು ದಾಟಿಬಿಡುತ್ತಿದ್ದರು. ಅಷ್ಟು ದೊಡ್ಡ ಮೈ ಹೊತ್ತುಕೊಂಡು ಓಡುವುದು ನೋಡಿದರೆ ನಗು ಬರುತ್ತಿತ್ತು, ಆಮೇಲೆ ಪಾಪ ಅನ್ನಿಸುತ್ತಿತ್ತು. ಕಂಬಕ್ಕೆ ಒರಗಿ ಕೂರುವ ಆ ಜಾಗ ಅವರ ತಾತನ ಕಾಲದ್ದು. ಕಟ್ಟೆಯ ಮೇಲೆ ಹೋಗಿ ಕೂರಬೇಕಾಗುವುದಲ್ಲ ಎನ್ನುವ ಭಯ ಅವರಿಗೆ. ನಾನು ಯಾರಿಗೂ ಹೇಳಲಿಲ್ಲ.

ಇತ್ತ ಅಳಸಿಂಗಯ್ಯನವರು ವೇದವಲ್ಲಿಯ ಕೈಗೆ ಸಿಕ್ಕಿ ಬಸವಳಿದಿದ್ದರು. ಅರ್ಧ ಅನ್ನ, ತಪ್ಪದ ಮಾತ್ರೆ, ಚಿಕ್ಕ ಎಲೆಯಲ್ಲಿ ಬದಲಿ ಪಾಯಸ. ಹುಣ್ಣು ಮಾದ ಮೇಲೆ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡಿಗೆಯೂ ಸೇರಿತು. ಮುಖಕ್ಕೆ ಕಳೆ ಬಂತು, ದನಿ ಇನ್ನೂ ಏರಿತು. ಅವರ ಹಿಂದಿನ ಸಾಲು ದಿನದಿಂದ ದಿನಕ್ಕೆ ತೆಳ್ಳಗಾಯಿತು. ವೇದವಲ್ಲಿ ದೃಷ್ಟಿ ತೆಗೆದು ಸಂತೋಷಪಟ್ಟಳು. ನಾನೂ ಪಟ್ಟೆ. ಆದರೆ ಮಂಟಪ ಗುಡಿಸುವಾಗ ಕೈ ನಿಲ್ಲುತ್ತಿತ್ತು. ಬದಲಿ ಪಾಯಸಕ್ಕೆ ಇರುವೆ ಬರುವುದಿಲ್ಲ. ಬರುತ್ತಿದ್ದದ್ದು ಇವರ ಸಾಲಿನ ಇರುವೆ. ಇವರ ಸಕ್ಕರೆ ಪೂರ್ತಿ ಹತೋಟಿಗೆ ಬಂದರೆ ಕತೆ ಮುಚ್ಚುವವರು ಯಾರು? ಕಾಯಿಲೆ ಇನ್ನು ನಾಲ್ಕು ದಿನ ಇರಲಿ ಎಂದು ಬೇಡಿಕೊಳ್ಳುವುದಕ್ಕೆ ಆಗುತ್ತದೆಯೇ? ದೇವರ ಮುಂದೆ ಕೈಮುಗಿದು ನಿಂತು ಏನೂ ಬೇಡದೆ ಬರುತ್ತಿದ್ದೆ.

ಏಳನೇ ಬಾಗಿಲಿನ ಕೊನೆಯ ಸಂಧಿಯ ದಿನ ಊರೇ ನೆರೆಯಿತು. ಸರದಿ ಮತ್ತೆ ನನ್ನದಾಗಿತ್ತು. ಅದೇ ಹೆಸರುಬೇಳೆ ಪಾಯಸ. ಕೊನೆಯ ಸಂಧಿಗೆ ಮಾತ್ರ ಒಂದು ಪದ್ಯ ಉಳಿಸಿಕೊಂಡು ಮೊದಲು ಸಿಹಿ ತಿನ್ನಬೇಕು; ಇರುವೆ ಬಂದ ಮೇಲೆ ಬಾಗಿಲು ತೆರೆಯಬೇಕು. ಸೋಮಕಂಧರ ಗಾಯಗೊಂಡ ಕೈಯನ್ನು ಏಳನೇ ಬಾಗಿಲಿನ ಅಗುಳಿಯ ಮೇಲೆ ಇಟ್ಟ. ಒಳಗಿನಿಂದ ಅದೇ ದನಿ, ಕನಸಿನಲ್ಲಿ ಕರೆದದ್ದೇ ದನಿ. ಅಳಸಿಂಗಯ್ಯನವರು ಅಲ್ಲಿಗೆ ನಿಲ್ಲಿಸಿ, ಪಾಯಸ ಕುಡಿದು, ಕೊನೆಯ ಚಮಚವನ್ನು ಕಲ್ಲಿನ ಮೇಲೆ ಬಿಟ್ಟರು.

ಕಾದೆವು. ಅವರ ಹಿಂದೆ ಒಂದು ಇರುವೆಯೂ ಇರಲಿಲ್ಲ. ಪಾಯಸದ ಮೇಲೆ ಕೆನೆ ಕಟ್ಟಿತು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಕಟ್ಟೆಯ ಕಡೆಯಿಂದ ಯಾರೋ, “ಓಡಿಹೋಗಿ ಒಂದು ಲಾಡು ತರಲಾ?” ಎಂದರು.

“ಒಂದು ಸಂಧಿಗೆ ಒಂದೇ,” ಎಂದರು ಅಳಸಿಂಗಯ್ಯ. ಅವರ ದನಿ ಮೊದಲ ಸಲ ಒಡೆದದ್ದು ಕೇಳಿದೆ.

“ಹಾಗಾದರೆ ನಾನು ಒಳಗೆ ಬರ್ತೀನಿ, ನನ್ನ ಹಿಂದೆ ಬೇಕಾದಷ್ಟಿವೆ,” ಎಂದರು ಕಟ್ಟೆಯ ಇನ್ನೊಬ್ಬರು.

“ಸಾಲಿನವರು ಒಳಗೆ ಬರೋ ಹಾಗಿಲ್ಲ,” ಎಂದರು ಸಂಪಂಗಪ್ಪ. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಪರಾತದೊಳಗೆ ಬೆರಳುಗಳನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದರು. ದೀಪ ಹಚ್ಚುವ ಪೂಜಾರಿ ಎಣ್ಣೆಯ ಗಿಂಡಿ ಹಿಡಿದು ಮೆಟ್ಟಿಲ ಹತ್ತಿರ ಬಂದು ನಿಂತ. ಮೆಟ್ಟಿಲ ಕೆಳಗೆ ಆ ಕರ್ರಗಿನ ಚಪ್ಪಲಿ. ನನಗೆ ನಮ್ಮ ಯಜಮಾನರ ಕೈಯ ಬಿಸಿ ನೆನಪಾಯಿತು. ಇನ್ನೊಂದು ಸಲ ಮೊದಲನೇ ಬಾಗಿಲಿನಿಂದ ಕೇಳುವಷ್ಟು ಆಯುಸ್ಸು ನನಗಿಲ್ಲ. ಎದ್ದೆ. ಎದ್ದದ್ದೇ ಎಲ್ಲರಿಗೂ ಆಶ್ಚರ್ಯ, ಮಾತಾಡಿದ್ದು ಇನ್ನೂ ಆಶ್ಚರ್ಯ.

“ಸಂಪಂಗಪ್ಪನೋರೆ, ನೀರು ಹಳಸಲಾಗಿದೆ. ಕಾಲು ಸ್ವಲ್ಪ ಎತ್ತಿ, ಬದಲಾಯಿಸಿ ಕೊಡ್ತೀನಿ.”

ಅವರು ನನ್ನನ್ನು ನೋಡಿದರು. ನನಗೆ ಗೊತ್ತೆಂದು ಅವರಿಗೆ ಗೊತ್ತಾಯಿತು. ಬೇಡ ಎಂದಿದ್ದರೆ ನಾನು ಸುಮ್ಮನೆ ಹೋಗಿ ಕೂತುಬಿಡುತ್ತಿದ್ದೆ. ಅಷ್ಟೇ ನನ್ನ ಧೈರ್ಯ. ಅವರು ಕಂಬವನ್ನು ಒಂದು ಸಲ ಸವರಿದರು. ಆಮೇಲೆ, “ತಗೊಂಡು ಹೋಗಿ ಚೂಡಮ್ಮ. ಬೇರೆ ನೀರು ಬೇಡ,” ಎಂದು ಎರಡೂ ಕಾಲನ್ನು ಬರಿಯ ಕಲ್ಲಿನ ಮೇಲೆ ಊರಿದರು.

ಬಂದವು. ಚಪ್ಪಲಿಯಿಂದ ಎದ್ದು, ಮೆಟ್ಟಿಲು ಮೆಟ್ಟಿಲಾಗಿ ಏರಿ, ಪೂಜಾರಿಯ ಕಾಲು ಬಳಸಿಕೊಂಡು, ನಾಲ್ಕು ಬೆರಳು ದಪ್ಪದ ಸಾಲು, ಮದುವೆಯ ದಿಬ್ಬಣದ ಹಾಗೆ ಮಂಟಪದ ನಡುವೆ ಬಂತು. ಕಲ್ಲಿನ ಹತ್ತಿರ ನಿಂತು ಪಾಯಸವನ್ನು ಮೂಸಿ, ಬೇಡವೆಂದು, ಸೀದಾ ಸಂಪಂಗಪ್ಪನವರ ಹೆಬ್ಬೆರಳಿನವರೆಗೆ ಹೋಯಿತು. ಇಷ್ಟು ದಿನ ಎಲ್ಲಿದ್ದೆ ಎನ್ನುವಂತೆ ಸುತ್ತ ನೆರೆಯಿತು. ಊರಿನ ಯಾರ ಹಿಂದೆಯೂ ಅಂಥ ಸಾಲು ನಾನು ಕಂಡಿರಲಿಲ್ಲ. ಯಾರೂ ನಗಲಿಲ್ಲ.

“ಇರುವೆ ಬರಬೇಕು ಅಂತ ನಿಯಮ,” ಎಂದರು ಸಂಪಂಗಪ್ಪ, ಬಲು ಮೆಲ್ಲಗೆ. “ಯಾರಿಗೆ ಅಂತ ಬರೆದಿಲ್ಲ. ಓದಿ ಅಳಸಿಂಗಯ್ಯ.”

ಅಳಸಿಂಗಯ್ಯನವರು ಕಣ್ಣು ಮುಚ್ಚಿ ಎತ್ತಿಕೊಂಡರು. ಅಗುಳಿ ಸರಿಯಿತು, ಬಾಗಿಲು ತೆರೆಯಿತು. ಅದು ಸೋಮಕಂಧರನ ಸ್ವಂತ ಅರಮನೆಯ ಅಡುಗೆಮನೆ. ಒಲೆಯ ಮುಂದೆ ಅವನ ರಾಣಿ ಬೆನ್ನು ತಿರುಗಿಸಿ ಕೂತು, ಅನ್ನ ಆರುತ್ತಿದೆ, ಎಷ್ಟು ಸಲ ಕರೆಯುವುದು ನಿಮ್ಮನ್ನು ಎನ್ನುತ್ತಿದ್ದಾಳೆ. ಅಷ್ಟೇ. ಏಳು ಬಾಗಿಲು, ಅಷ್ಟು ಯುದ್ಧ, ಊರಿನ ನಾಲ್ಕು ಜನ ಗಮಕಿಗಳು, ಎಲ್ಲವೂ ಒಂದು ಊಟದ ಕರೆಗೆ. ಹಿಂದುಗಡೆ ಕೂತಿದ್ದ ಯಾರೋ, “ಇದನ್ನ ಮೊದಲೇ ಹೇಳಿದ್ದರೆ ಆಗ್ತಿರಲಿಲ್ವಾ?” ಎಂದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ, ನಗುವುದಕ್ಕೋ ಅಳುವುದಕ್ಕೋ ತಿಳಿಯದೆ. ನಮ್ಮವರೂ ಹಾಗೇ, ಮೂರು ಸಲ ಕರೆಯದೆ ಊಟಕ್ಕೆ ಎದ್ದವರಲ್ಲ.

ಎಲ್ಲರೂ ಎದ್ದರು. ಸಂಪಂಗಪ್ಪನವರು ಚಪ್ಪಲಿ ಕೊಡವದೆ ಹಾಗೇ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಕಟ್ಟೆಯ ಮೇಲಿನವರು ಏನೂ ಕೇಳದೆ ಒಂದಿಷ್ಟು ಸರಿದು ಜಾಗ ಮಾಡಿದರು. “ನಾಳೆ ಬಂದು ಇಲ್ಲಿ ಕೂರ್ತೀನಿ,” ಎಂದರು ಅವರು. “ಇವತ್ತು ಆ ಡಾಕ್ಟರಮ್ಮನ ಹತ್ತಿರ ಬೈಸಿಕೊಂಡು ಬರಬೇಕು.” ವೇದವಲ್ಲಿ, “ಹೋಳಿಗೆ ಡಬ್ಬಿ ನಮ್ಮನೆಗೆ ಕೊಟ್ಟು ಹೋಗಿ ಸಂಪಂಗಣ್ಣ, ಹಾಗಲಕಾಯಿ ಕೊಡ್ತೀನಿ,” ಎಂದಳು.

ನನ್ನ ಮನೆಯ ದಾರಿಯೂ ಅದೇ. ಅವರು ಮುಂದೆ, ನಡುವೆ ಅವರ ಸಾಲು, ಹಿಂದೆ ನಾನು. ಬೀದಿಯ ತಿರುವಿನಲ್ಲಿ ಅವರು ಅಭ್ಯಾಸಬಲದಿಂದ ಬಿರುಸಾಗಿ ನಾಲ್ಕು ಹೆಜ್ಜೆ ಹಾಕಿದರು, ಆಮೇಲೆ ನಿಂತರು. ತಿರುಗಿ ನೋಡಿದರು. ಸಾಲಿನ ಕೊನೆ ಇನ್ನೂ ತಿರುವಿಗೆ ಬಂದಿರಲಿಲ್ಲ. ಕಾದರು. ಅದು ಬಂದು ಸೇರಿದ ಮೇಲೆ, ನಮ್ಮೂರಿನ ಎಲ್ಲರ ಹಾಗೆ, ನಿಧಾನವಾಗಿ ನಡೆದರು. ನಾನೂ ಹೆಜ್ಜೆ ಚಿಕ್ಕದು ಮಾಡಿಕೊಂಡೆ. ನಮ್ಮವರಿಗೆ ಹೇಳುವುದಕ್ಕೆ ಏಳನೇ ಬಾಗಿಲು ನನ್ನ ಕಿವಿಯಲ್ಲಿ ಭದ್ರವಾಗಿತ್ತು. ಅವರೇ ಹೇಳಿದ್ದರಲ್ಲ, ಅವಸರ ಏನಿಲ್ಲ ಎಂದು.